ನಾಲಿಗೆಗೆ ಅಂಟಿದ ಎಲುಬು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ತಿರುವನಂತಪುರದ ಪಟ್ಟಂ ಬಳಿಯ ಠಾಣೆಗೆ ಬಂದ ದೂರು ಕೇಳಿ ಪೊಲೀಸ್ ಅಶ್ರಫ್ ಪೆನ್ನನ್ನೇ ಕೆಳಗಿಟ್ಟ.

"ಇಪ್ಪತ್ತೆರಡು ಕೋಟಿ ರೂಪಾಯಿಯದ್ದಾ ಮೇಡಂ?"

"ರೂಪಾಯಿ ಅಲ್ಲೋ ತಮ್ಮಾ, ವರ್ಷ! ಇಪ್ಪತ್ತೆರಡು ಕೋಟಿ ವರ್ಷದ ಹಿಂದಿನ ದವಡಿ. ಯಾವನೋ ಎತ್ಕೊಂಡು ಹೋಗ್ಯಾನ!"

ದೂರುದಾರರು ಡಾ. ಇಂದುಮತಿ. ಕಲಬುರಗಿ ಕಡೆಯವರು. ಪಟ್ಟಂನ ಸಂಶೋಧನಾ ಕಚೇರಿಯೊಂದರಲ್ಲಿ ಕೂತು ಮೂವತ್ತು ವರ್ಷದಿಂದ ಡೈನೋಸಾರ್‌ಗಳ, ಪುರಾತನ ಮೊಸಳೆ-ಹಲ್ಲಿಗಳ ವಂಶಾವಳಿ ಬಿಡಿಸುತ್ತ ಬಂದವರು. ಮಂಜೇಶ್ವರದ ಅಶ್ರಫ್‌ಗೆ ಕನ್ನಡ ಬರುತ್ತದೆಂದು ಗೊತ್ತಾದದ್ದೇ ತಡ, ಅವರ ಸಿಟ್ಟು ಮಲಯಾಳಂ ಬಿಟ್ಟು ತಾಯ್ನುಡಿಗೆ ಇಳಿದಿತ್ತು.

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ನಿಶ್ಮಿತಾ ಓಡಿಯೇ ಬಂದಳು. ಕುಂಬಳೆಯ ಹೆಣ್ಣು. ಬೈಕ್ ಕಳವು, ಸರ ಕಿತ್ತ ಕೇಸು, ಫ್ಲಾಟಿನವರ ಪಾರ್ಕಿಂಗ್ ಜಗಳ, ಇಷ್ಟರಲ್ಲೇ ನೌಕರಿ ಸವೆದು ಹೋಗುತ್ತದೋ ಎಂದು ಅವಳಿಗೆ ಬೇಸರ ಹಿಡಿದಿತ್ತು. ಡೈನೋಸಾರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಎದೆ ಡವಡವ ಅಂದಿತು. ಪೊಲೀಸರಿಗೆ ಕಳವಿನ ಸುದ್ದಿ ಕೇಳಿ ಖುಷಿಯಾಗಬಾರದು, ನಿಜ. ಆದರೆ ಆಯಿತು, ಏನು ಮಾಡುವುದು!

"ಬೆಲೆ ಎಷ್ಟು ಮೇಡಂ?"

"ಪ್ಯಾಟ್ಯಾಗ ಕಲ್ಲಿನ ಬೆಲೆ. ನನಗ ಜೀವದ ಬೆಲೆ." ಇಂದುಮತಿ ಕುರ್ಚಿಯಲ್ಲಿ ಕುಸಿದರು. "ಹೋದ ವರ್ಷ ಗೋದಾವರಿ ಕಣಿವ್ಯಾಗ ಸಿಕ್ಕಿದ್ದು, ಮಳಿನೀರಿಗೆ ಕೊಚ್ಚಿ ಬಂದಿತ್ತು. ದವಡಿಯ ಹಿಂದಿನ ಅರ್ಧ ಮಾತ್ರ. ನಾ ಹೊಸ ಡೈನೋಸಾರ್ ಅಂತೀನಿ, ಹೊರದೇಶದ ಪಂಡಿತರು ಮೊಸಳಿ ಜಾತಿ ಅಂತಾರ. ಪ್ರಬಂಧ ಅಚ್ಚಿಗೆ ಹೊಂಟದ, ತಿಂಗಳ ಕೊನಿಗೆ ನನ್ನ ರಿಟೈರ್‌ಮೆಂಟ್. ಎಲುಬು ಇಲ್ಲಂದ್ರ ಹೊಸ ಪ್ರಾಣಿಗೆ ಹೆಸರಿಡಾಕ ಬರೂದಿಲ್ರಿ. ಮೂವತ್ತು ವರ್ಷ ನೀರಾಗ ಹೋಮ ಮಾಡಿದಂಗ."

ಕಳವಿನ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಜೀಪು ಆ ಕಚೇರಿಯ ಅಂಗಳದಲ್ಲಿತ್ತು.

ಪ್ರಯೋಗಾಲಯದ ಕಪಾಟಿನ ಬೀಗ ಮುರಿದಿರಲಿಲ್ಲ, ಕೀಲಿಕೈ ಅದರಲ್ಲೇ ನೇತಾಡುತ್ತಿತ್ತು. ಲ್ಯಾಪ್‌ಟಾಪ್, ಕ್ಯಾಮೆರಾ, ಸೂಕ್ಷ್ಮದರ್ಶಕ ಯಾವುದನ್ನೂ ಮುಟ್ಟಿರಲಿಲ್ಲ. ಶನಿವಾರ ಇಂದುಮತಿಯವರ ಸಾರ್ವಜನಿಕ ಉಪನ್ಯಾಸವಿತ್ತು. ಮುಗಿದ ಮೇಲೆ ಎಲ್ಲರೂ ಕೆಳಗೆ ಚಹಾಕ್ಕೂ ಫೋಟೋಕ್ಕೂ ಹೋಗಿದ್ದರು. ಭಾನುವಾರ ಕಚೇರಿ ಮುಚ್ಚಿತ್ತು.

"ಕೀಲಿಕೈ ಬಿಟ್ಟು ಹೋದದ್ದು ಯಾರು?"

"ನಾನೇ," ಎಂದ ಸಂಶೋಧನಾ ವಿದ್ಯಾರ್ಥಿ ಅನೀಶ್. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಉಪನ್ಯಾಸದ ನಂತರ ಎಲ್ಲಿದ್ದೆ?"

"ಚಹಾ ಹಂಚುತ್ತಿದ್ದೆ."

"ನೋಡಿದವರು?"

"ಎಲ್ಲರೂ."

ನಿಶ್ಮಿತಾ ಅವನನ್ನು ಇನ್ನೂ ಹಿಂಡುತ್ತಿದ್ದಳೇನೋ. ಅಷ್ಟರಲ್ಲಿ ಇಂದುಮತಿ ಮೇಜಿನ ಕೆಳಗಿಂದ ಗೋಣಿಯ ತುಂಡೊಂದನ್ನು ಎತ್ತಿದರು. ಸುತ್ತ ಬಿಳಿ ಪ್ಲಾಸ್ಟರ್ ಹನಿಗಳು, ಒದ್ದೆಯಾಗಿ ಒಣಗಿದ ಟಿಶ್ಯೂ ಕಾಗದ.

"ಇವನಲ್ರಿ ಇನ್ಸ್‌ಪೆಕ್ಟರ್! ಎಲುಬಿಗೆ ಒದ್ದಿ ಕಾಗದ ಸುತ್ತಿ, ಮ್ಯಾಲೆ ಪ್ಲಾಸ್ಟರ್‌ನಾಗ ಅದ್ದಿದ ಪಟ್ಟಿ ಕಟ್ಟತೀವಿ. ಈಗಿನ ಹುಡುಗರು ದವಾಖಾನಿ ಬ್ಯಾಂಡೇಜ್ ಕಟ್ಟತಾರ. ಅಗೋ, ಬ್ಯಾಂಡೇಜ್ ಸುರುಳಿ ಮೇಜಿನ ಮ್ಯಾಲೇ ಅದ. ಅದನ್ನ ಬಿಟ್ಟು ಗೋಣಿಚೀಲ ಕತ್ತರಿಸ್ಯಾನ. ಇದು ನಮ್ಮ ಕಾಲದ ಅಗೆತದ ಕ್ಯಾಂಪಿನ್ಯಾಗ ಪಳಗಿದ ಕೈ!"

ನಿಶ್ಮಿತಾಳ ಮೈ ಜುಂ ಅಂದಿತು. ಕಳ್ಳ ಕದ್ದ ಮಾಲಿಗೆ ಪೆಟ್ಟಾಗದಂತೆ ಹಾಸಿಗೆ ಕಟ್ಟಿಕೊಂಡು ಹೋದದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಮೇಜಿನ ಮೇಲೆ, ಕಳ್ಳ ತನ್ನ ಚೀಲ ಇಟ್ಟಿದ್ದಿರಬಹುದಾದ ಜಾಗದಲ್ಲಿ, ಕಂದು ಪುಡಿ ಬಿದ್ದಿತ್ತು. ಅಶ್ರಫ್ ಒರೆಸಲು ಕೈ ಹಾಕಿದ. "ಮುಟ್ಟಬ್ಯಾಡ!" ಎಂದು ಇಂದುಮತಿ ಚೀರಿದ ರಭಸಕ್ಕೆ ಮೂರು ಹೆಜ್ಜೆ ಹಿಂದೆ ಹಾರಿದ. ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಪುಡಿಯಲ್ಲಿ ಅಕ್ಕಿನುಚ್ಚಿನಷ್ಟು ದೊಡ್ಡ ಚೂರೊಂದಿತ್ತು.

"ಶಾರ್ಕ್ ಮೀನಿನ ಹಲ್ಲು! ಇದು ನಮ್ಮ ಕಣಿವಿದಲ್ಲ. ರಾಕ್ ಫಾಸ್ಫೇಟ್ ಕಲ್ಲಿನ ಪುಡಿ, ಅದರಾಗ ಇಂಥ ಹಲ್ಲು ಇರತಾವ. ಹಡಗಿನ್ಯಾಗ ತರಿಸ್ತಾರ, ಗೊಬ್ಬರ ಮಾಡಾಕ."

"ಏಲೂರು!" ನಿಶ್ಮಿತಾ, ಅಶ್ರಫ್ ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು. ಕೊಚ್ಚಿಯ ಗೊಬ್ಬರ ಕಾರ್ಖಾನೆಗಳ ಊರು ಇಡೀ ಕೇರಳಕ್ಕೆ ಗೊತ್ತು.

"ಮೇಡಂ, ಅದು ಹಲ್ಲು, ಇದು ಕಲ್ಲು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಮಾರಾಯ್ರೆ?" ಎಂದು ಅಶ್ರಫ್ ಕೇಳಿದ.

"ಹಲ್ಲು ಹೊಳೀತದ, ಕಣ್ಣೇ ಸಾಕು. ಎಲುಬಿಗೆ ನಾಲಿಗಿ ಬೇಕು." ಇಂದುಮತಿ ಮಾದರಿಗಳ ತಟ್ಟೆಯಿಂದ ಬೂದುಬಣ್ಣದ ತುಂಡೊಂದನ್ನು ಆರಿಸಿ ನಾಲಿಗೆಗೆ ತಗುಲಿಸಿದರು. ಅದು ಅಂಟಿಕೊಂಡಿತು. "ಕಲ್ಲು ಜಾರತದ, ಹಳೇ ಎಲುಬು ಅಂಟತದ. ಒಳಗ ತೂತು ಇರತಾವಲ್ಲ. ಹೊಲದಾಗ ದಿನಕ್ಕ ನೂರು ಕಲ್ಲು ನೆಕ್ಕತೀವಿ. ಹೊಟ್ಟಿಗಿಲ್ಲದಿದ್ರೂ ಈ ಚಟ ಬಿಡೂದಿಲ್ಲ."

ಅಶ್ರಫ್ ಮುಖ ಕಿವುಚಿದ. ನಿಶ್ಮಿತಾ ಮಾತ್ರ ಆ ಬೂದು ತುಂಡನ್ನೂ ನಾಲ್ಕು ಬರೀ ಕಲ್ಲುಗಳನ್ನೂ ಕೇಳಿ ಪಡೆದು ಲಕೋಟೆಗೆ ಹಾಕಿಕೊಂಡಳು.

ಗೇಟಿನ ಸಿಸಿ ಟಿವಿಯಲ್ಲಿ ಟೊಪ್ಪಿ, ಮಾಸ್ಕ್ ಹಾಕಿದ ವಯಸ್ಸಾದ ಗಂಡಸೊಬ್ಬ ಚೀಲವನ್ನು ಎದೆಗವಚಿಕೊಂಡು ಹೊರಹೋಗಿದ್ದ. ಮುಖ ಕಾಣುತ್ತಿರಲಿಲ್ಲ. ಹೊರಗಿನ ಆಟೋದವನಿಗೆ ಅವನ ನೆನಪಿತ್ತು. "ತಂಬಾನೂರು ರೈಲ್ವೆ ಸ್ಟೇಷನ್ನಿಗೆ ಬಿಟ್ಟೆ ಸಾರೇ. ಹೊಂಡ ಬಂದಾಗಲೆಲ್ಲ ಮೆಲ್ಲಗೆ, ಮೆಲ್ಲಗೆ ಅನ್ನುತ್ತಿದ್ದ. ಕೂಸಿದೆಯಾ ಅಂತ ಕೇಳಿದೆ. ಹೂಂ ಅಂದ." ರೈಲ್ವೆಯವರ ಕ್ಯಾಮೆರಾ ಹುಡುಕಿದಾಗ ಅದೇ ಚೀಲ ಸಂಜೆಯ ಗಾಡಿ ಹತ್ತಿ ಆಲುವದಲ್ಲಿ ಇಳಿದದ್ದು ಕಂಡಿತು. ಏಲೂರಿಗೆ ಅದೇ ಹತ್ತಿರದ ದೊಡ್ಡ ಸ್ಟೇಷನ್. ನಿಶ್ಮಿತಾ ಮೇಜು ಗುದ್ದಿದ ಸದ್ದಿಗೆ ಕ್ಯಾಮೆರಾ ಕೋಣೆಯವನು ಚಹಾ ಚೆಲ್ಲಿಕೊಂಡ.

ಮಂಗಳವಾರ ಬೆಳಗಾಗುವ ಮೊದಲೇ ಜೀಪು ಕೊಚ್ಚಿಯ ದಾರಿ ಹಿಡಿಯಿತು. ಇಂದುಮತಿಯವರೂ ಹಿಂದೆ ಕೂತಿದ್ದರು. ಬೇಡವೆಂದರೆ ಕೇಳಬೇಕಲ್ಲ. "ಸಿಕ್ಕರ ನೀವು ಅದನ್ನ ತೆಂಗಿನಕಾಯಿ ಎತ್ತಿದಂಗ ಎತ್ತತೀರಿ," ಎಂದಿದ್ದರು.

ಸ್ಥಳೀಯ ಠಾಣೆಗೆ ತಿಳಿಸಿ ಏಲೂರಿನ ಕಾರ್ಖಾನೆಗಳನ್ನು ಒಂದೊಂದಾಗಿ ನೋಡಿದರು. ಎರಡು ಕಡೆ ಕೈ ಖಾಲಿ. ಮೂರನೆಯ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಶನಿವಾರ ರಜೆ ಹಾಕಿದ ಐವತ್ತು ದಾಟಿದವರು ಮೂವರಿದ್ದರು. ಇಂದುಮತಿಯವರನ್ನು ಜೀಪಿನಲ್ಲೇ ಕೂರಿಸಿ ನಿಶ್ಮಿತಾ ಒಬ್ಬೊಬ್ಬರನ್ನೇ ಕರೆದಳು. ಮೇಜಿನ ಮೇಲೆ ಐದು ಕಲ್ಲು ಹರಡಿದ್ದಳು.

ಮೊದಲನೆಯವ ಎಲ್ಲವನ್ನೂ ಕಲ್ಲು ಎಂದ. ಎರಡನೆಯವ ಕಾಂಕ್ರೀಟೋ ಎಂದು ಕೇಳಿದ. ಮೂರನೆಯವನ ಹೆಸರು ಉಪೇಂದ್ರ. ಮೈಸೂರಿನವನು. ಬೋಳುತಲೆ, ಅಚ್ಚುಕಟ್ಟು ಇಸ್ತ್ರಿ ಅಂಗಿ.

"ಶನಿವಾರ ಎಲ್ಲಿದ್ದಿರಿ?"

"ಕಾಕ್ಕನಾಡ್‌ನ ಮನೆಯಲ್ಲಿ."

"ಪ್ರಾಚೀನ ಪ್ರಾಣಿಗಳ ಬಗ್ಗೆ ಗೊತ್ತುಂಟಾ?"

"ನಾನು ಕೆಮಿಸ್ಟ್ರಿ ಓದಿದೋನು ಮೇಡಂ. ಅದೆಲ್ಲ ನಂಗೇನು ಗೊತ್ತು?"

"ಸರಿ. ಇದರಲ್ಲಿ ನಿಮ್ಮ ಕಾರ್ಖಾನೆಯ ಕಲ್ಲು ಯಾವುದಾದರೂ ಇದೆಯಾ, ನೋಡಿ ಹೇಳಿ."

ಉಪೇಂದ್ರ ಒಂದನ್ನೆತ್ತಿ ಇಟ್ಟ. ಇನ್ನೊಂದನ್ನೆತ್ತಿ ಇಟ್ಟ. ಬೂದು ತುಂಡು ಕೈಗೆ ಬಂತು. ಬೆಳಕಿಗೆ ಹಿಡಿದ, ತಿರುಗಿಸಿದ. ಅವನ ಕಣ್ಣು ಅರಳಿತು. ಆಮೇಲೆ ಯಾವ ಯೋಚನೆಯೂ ಇಲ್ಲದೆ, ಊಟದ ಮೊದಲು ಕೈ ತೊಳೆದಷ್ಟೇ ಸಹಜವಾಗಿ, ಅದನ್ನು ನಾಲಿಗೆಗೆ ತಗುಲಿಸಿದ.

ಅದು ಅಂಟಿಕೊಂಡಿತು.

"ಯಾ ಅಲ್ಲಾ!" ಎಂದ ಅಶ್ರಫ್.

ಉಪೇಂದ್ರನಿಗೆ ಆಗ ಎಚ್ಚರವಾಯಿತು. ತುಂಡನ್ನು ಬಿಡಿಸಿ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡ. ನಿಶ್ಮಿತಾಳಿಗೆ ಕೂಗಿ ಕುಣಿಯಬೇಕು ಅನ್ನಿಸಿತು. ಮೈಮೇಲೆ ಯೂನಿಫಾರ್ಮ್ ಇದ್ದದ್ದರಿಂದ ಸುಮ್ಮನಾದಳು.

"ಕ್ಷೇಮವಾಗಿದೆ ಮೇಡಂ," ಎಂದ ಅವನೇ. "ಮರಳಿನ ಮೇಲೆ ಮಲಗಿಸಿದ್ದೀನಿ."

ಹೊರಗೆ ಜೀಪಿನ ಹತ್ತಿರ ಬಂದಾಗ ಇಂದುಮತಿ ಅವನನ್ನು ದಿಟ್ಟಿಸಿದರು. "ಉಪೇಂದ್ರ? ನಮ್ಮ ಕ್ಯಾಂಪಿನ ಉಪೇಂದ್ರ ಏನೋ ನೀನು?" ಅವನು ತಲೆ ತಗ್ಗಿಸಿಕೊಂಡೇ ಜೀಪು ಹತ್ತಿದ.

ಕಾಕ್ಕನಾಡ್‌ನ ಫ್ಲಾಟ್‌ನಲ್ಲಿ ಪಕ್ಕದ ಮನೆಯ ಇಬ್ಬರನ್ನು ಸಾಕ್ಷಿಗೆ ಕರೆದು ಪಂಚನಾಮೆ ಶುರುವಾಯಿತು. ಒಂಟಿ ಮನುಷ್ಯನ ಮನೆ. ಊಟದ ಮೇಜಿನ ಮೇಲೆ ಮರಳಿನ ತಟ್ಟೆ, ತಟ್ಟೆಯ ಮೇಲೆ ಬಿಳಿ ಬಟ್ಟೆ. ನಿಶ್ಮಿತಾ ಬಟ್ಟೆ ಸರಿಸಿದಳು.

ಅಲ್ಲಿ ಅರ್ಧ ದವಡೆ ಇರಲಿಲ್ಲ. ಇಡೀ ದವಡೆ ಇತ್ತು.

ಹಿಂದಿನ ಅರ್ಧದ ಮುರಿದ ಅಂಚಿಗೆ ಮುಂದಿನ ಅರ್ಧ ಕೂದಲೆಳೆ ಸಂದಿಲ್ಲದೆ ಕೂತಿತ್ತು. ಮುಂದಿನದರಲ್ಲಿ ಸಾಲಾಗಿ ಹಲ್ಲು. ಚಪ್ಪಟೆ ಹಲ್ಲು, ಎಲೆಯ ಹಾಗೆ ಅಂಚಿನಲ್ಲಿ ಗರಗಸ.

"ಹಲ್ಲು!" ಇಂದುಮತಿ ಕೂಗಿದ ಕೂಗಿಗೆ ಸಾಕ್ಷಿಯವರು ಬೆಚ್ಚಿದರು. "ಸೊಪ್ಪು ತಿನ್ನೋ ಹಲ್ಲು! ಮೊಸಳಿಗೆಲ್ಲಿ ಇಂಥ ಹಲ್ಲು ಬರಬೇಕು? ಡೈನೋಸಾರ್ ಇದು, ಡೈನೋಸಾರ್! ಇನ್ಸ್‌ಪೆಕ್ಟರ್, ಗೆದ್ದೆ ನಾ!" ಅವರು ನಿಶ್ಮಿತಾಳನ್ನು ತಬ್ಬಿಕೊಂಡೇಬಿಟ್ಟರು. ಆಮೇಲೆ ತಿರುಗಿ ಉಪೇಂದ್ರನ ಭುಜಕ್ಕೆ ರಪ್ಪನೆ ಹೊಡೆದರು. "ಎಲ್ಲಿಂದ ಬಂತೋ ಇದು?"

ಬೇಡಿ ಹಾಕದ ಕೈಗಳನ್ನು ಉಪೇಂದ್ರ ತಾನೇ ಜೋಡಿಸಿಕೊಂಡು ನಿಂತಿದ್ದ.

"ತೊಂಬತ್ತೇಳರ ಕ್ಯಾಂಪಲ್ಲಿ ಕೊನೇ ದಿನ ಸಿಕ್ತು ಅಕ್ಕ. ಯಾರಿಗೂ ತೋರಿಸಿರಲಿಲ್ಲ, ಸಂಜೆ ಎಲ್ಲರೂ ಒಟ್ಟಿಗಿದ್ದಾಗ ತೋರಿಸೋಣ ಅಂತಿದ್ದೆ. ಅಷ್ಟರಲ್ಲಿ ಅಪ್ಪ ಹೋದ್ರು ಅಂತ ಸುದ್ದಿ ಬಂತು. ಚೀಲದಲ್ಲೇ ಇಟ್ಕೊಂಡು ಊರಿಗೆ ಹೋದೆ. ಆಮೇಲೆ ಸಂಸಾರ ನಂದೇ ತಲೆಗೆ, ಈ ಕೆಲಸ ಸಿಕ್ತು, ರಿಸರ್ಚ್ ಬಿಟ್ಟೆ. ಒಂದು ವರ್ಷ ಆದ್ಮೇಲೆ ಕೊಡೋಕೆ ನಾಚಿಕೆ. ಹತ್ತು ವರ್ಷ ಆದ್ಮೇಲೆ ಭಯ. ನಿಮ್ಮ ಉಪನ್ಯಾಸ ಎಲ್ಲಿದ್ರೂ ಹಿಂದೆ ಕೂತು ಕೇಳ್ತಿದ್ದೆ. ಶನಿವಾರ ಮೊದಲನೇ ಸಲ ಪರದೆ ಮೇಲೆ ಆ ಮುರಿದ ಅಂಚು ಬಂತು. ನಮ್ಮನೆ ತುಂಡಿನ ಅಂಚು ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಒಂದೇ ಒಂದು ಸಲ ಕೂಡಿಸಿ ನೋಡ್ಬೇಕು ಅನ್ನಿಸ್ತು. ನೋಡಿದೆ. ಆಮೇಲೆ ಬೇರೆ ಮಾಡೋಕೆ ಕೈ ಬರಲಿಲ್ಲ."

"ಇಪ್ಪತ್ತೆಂಟು ವರ್ಷ ಇಂಥ ಹಲ್ಲು ಹುಡುಕೀನಲ್ಲೋ ಮಾನಗೇಡಿ!" ಇಂದುಮತಿ ಸೆರಗಿನಿಂದ ಮೂಗೊರೆಸಿಕೊಂಡರು. "ಜಾಗ ಹೇಳು. ಜಾಗ ಗೊತ್ತಿಲ್ಲಂದ್ರ ಎಲುಬು ಬರೇ ಕಲ್ಲು."

"ನೀವು ಒಲೆ ಹೂಡ್ತಿದ್ರಲ್ಲ, ಆ ದೊಡ್ಡ ಬಂಡೆ. ಅದರ ಕೆಳಗೆ, ಕೆಂಪು ಮಣ್ಣಿನಲ್ಲಿ."

"ಅಯ್ಯೋ ನನ್ನ ಕರ್ಮ! ವರ್ಷಾ ವರ್ಷಾ ಅದರ ಮ್ಯಾಲೇ ಚಹಾ ಕಾಸೀನಿ!"

ಅಶ್ರಫ್‌ಗೆ ನಗು ತಡೆಯಲಾಗಲಿಲ್ಲ. ಆರೋಪಿಯೂ ನಕ್ಕ, ನಗುತ್ತಲೇ ಅತ್ತ.

ಮಧ್ಯಾಹ್ನ ಎರಡಕ್ಕೆ ಬಂಧನ ದಾಖಲಾಯಿತು. ಕೇಸು ಬಿಟ್ಟುಬಿಡಿ ಎಂದು ಇಂದುಮತಿ ಗೋಗರೆದರು. "ಎಫ್‌ಐಆರ್ ಆದ ಮೇಲೆ ಅದು ನನ್ನ ಕೈಯಲ್ಲಿಲ್ಲ ಮೇಡಂ. ಹೇಳುವುದನ್ನು ಕೋರ್ಟಿನಲ್ಲಿ ಹೇಳಿ," ಎಂದಳು ನಿಶ್ಮಿತಾ. ಪಂಚನಾಮೆಯಲ್ಲಿ ಒಂದನೇ ವಸ್ತು ಕಳವಿನ ಮಾಲು, ಎರಡನೇ ವಸ್ತು ಆರೋಪಿಯ ವಶದಲ್ಲಿದ್ದದ್ದು ಎಂದು ಬೇರೆ ಬೇರೆ ಬರೆಸಿದಳು. ತಟ್ಟೆಯಲ್ಲಿ ಮಾತ್ರ ಅವನ್ನು ಬೇರೆ ಮಾಡಲಿಲ್ಲ.

ತಿಂಗಳ ಕೊನೆಯ ದಿನ, ಕೋರ್ಟಿನ ಅನುಮತಿ ಪಡೆದು ದವಡೆಯನ್ನು ಕಚೇರಿಗೆ ತಲುಪಿಸಲು ನಿಶ್ಮಿತಾ, ಅಶ್ರಫ್ ಪಟ್ಟಂಗೆ ಹೋದರು. ಆ ಹೊತ್ತಿಗೆ ಉಪೇಂದ್ರನಿಗೆ ಜಾಮೀನು ಸಿಕ್ಕಿತ್ತು, ವಿಚಾರಣೆ ಬಾಕಿಯಿತ್ತು. ಕಚೇರಿಯಲ್ಲಿ ಬೀಳ್ಕೊಡುಗೆಯ ಗದ್ದಲ, ಪಾಯಸದ ಪರಿಮಳ. ಇಂದುಮತಿ ಗಾಜಿನ ಪೆಟ್ಟಿಗೆಗೆ ತಾವೇ ಚೀಟಿ ಬರೆದು ಅಂಟಿಸಿದ್ದರು. ಸಿಕ್ಕಿದ ಜಾಗ: ಒಲೆಬಂಡೆಯ ಕೆಳಗೆ, ಕೆಂಪು ಮಣ್ಣು. ಹುಡುಕಿದವರು: ಉಪೇಂದ್ರ, ಇಂದುಮತಿ.

ಅಶ್ರಫ್ ಎರಡು ಸಲ ಓದಿದ. "ಕಳ್ಳನ ಹೆಸರು ಮೊದಲು ಹಾಕಿದ್ದೀರಲ್ಲ ಮೇಡಂ?"

"ಹೌದೋ ತಮ್ಮಾ. ಮೊದಲು ಅವನಿಗೇ ಸಿಕ್ಕದ," ಎಂದು ಇಂದುಮತಿ ಅವನ ಕೈಗೆ ಪಾಯಸದ ಲೋಟ ಕೊಟ್ಟರು.