ಸಲ್ವಾ ಮನೆಯ ಹೆಬ್ಬಾವು

ಯುದ್ಧಕ್ಕೆ ಹೆದರಿ, ವೀಸಾ ಕೊಟ್ಟು ಕೆಲಸಕ್ಕಿಟ್ಟಿದ್ದ ಕಫೀಲ್‌ನ ಕುಟುಂಬ ಸೌದಿಗೆ ಓಡಿಹೋದ ಮೇಲೆ ಸಲ್ವಾ ಬಡಾವಣೆಯ ಆ ಮನೆಯಲ್ಲಿ ಉಳಿದದ್ದು ಅಡುಗೆಯ ದೇಜಪ್ಪ ಮತ್ತು ಆ ಕುಟುಂಬ ಸಾಕಿದ್ದ ಹೆಬ್ಬಾವು. ಒದ್ದೆಯಲ್ಲಿ ಮಲಗಿ ಅದರ ಹೊಟ್ಟೆಯ ಚರ್ಮ ಗುಳ್ಳೆಯೆದ್ದಿತ್ತು. ದೇಜಪ್ಪ ದಿನವೂ ಗಾಜಿನ ಪೆಟ್ಟಿಗೆಗೆ ಒಣ ಕಾಗದ ಹಾಸಿ, ಗುಳ್ಳೆಗಳಿಗೆ ನೀರು ಬೆರೆಸಿದ ಅಯೋಡಿನ್ ಹಚ್ಚುತ್ತಿದ್ದ.

ಫೆಬ್ರವರಿಯಲ್ಲಿ ಕರೆಂಟು ಹೋಯಿತು. ಮರುದಿನ ಹೊತ್ತಿ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆಗೆ ಮಧ್ಯಾಹ್ನವೇ ಕತ್ತಲಾಯಿತು. ಚಳಿಗೆ ಹಾವು ಸತ್ತಿರಬಹುದೆಂದು ಅಂಜುತ್ತಾ ಅವನು ಕೋಣೆಯ ಬೀಗ ತೆಗೆದ. ಪೆಟ್ಟಿಗೆಗೆ ಬಿಸಿ ಕೊಡುತ್ತಿದ್ದ ದೀಪ ಆರಿದ್ದರೂ ಗಾಜು ಬೆಚ್ಚಗಿತ್ತು. ಕಾಗದ ಆಗಲೇ ಬದಲಾಗಿತ್ತು. ಹಾವಿನ ಹೊಟ್ಟೆಯ ಮೇಲೆ ಅಯೋಡಿನ್ ಇನ್ನೂ ಹಸಿಯಾಗಿತ್ತು.

ಅವನು ನೆರೆಮನೆಯ ಕಾವಲುಗಾರ ಮೊಯ್ದೀನ್ ಕುಂಞಿಯನ್ನು ಕರೆತಂದ.

"ನೀವು ಬಂದಿದ್ರಾ ಭಾಯಿ?"

"ಹಾವಿನ ಹತ್ರ ನಾನು ಬರ್ತೇನಾ? ಕೀ ನಿಮ್ಮತ್ರವೇ ಉಂಟಲ್ಲ."

ದೇಜಪ್ಪ ಕಿಟಕಿಗೆ ಮೊಳೆ ಹೊಡೆದ, ಪೆಟ್ಟಿಗೆಗೂ ಬೀಗ ಹಾಕಿದ. ಆದರೂ ಪ್ರತಿ ಮಧ್ಯಾಹ್ನ ಅವನು ಬರುವಷ್ಟರಲ್ಲಿ ಮದ್ದು ಹಚ್ಚಿಯಾಗಿರುತ್ತಿತ್ತು. ಗುಳ್ಳೆಗಳು ಒಣಗುತ್ತಾ ಬಂದವು. ಅವನ ನಿದ್ದೆ ಮಾತ್ರ ಹಾರಿಹೋಯಿತು.

ಒಂಬತ್ತನೆಯ ದಿನ ಹಾವು ಪೊರೆ ಬಿಟ್ಟಿತ್ತು. ಎಲ್ಲೂ ಹರಿಯದ ಆ ಇಡೀ ಪೊರೆ ಪೆಟ್ಟಿಗೆಯ ಹೊರಗೆ, ಕುರ್ಚಿಯ ಮೇಲೆ, ಒಗೆದ ಬಟ್ಟೆಯಂತೆ ನಾಲ್ಕು ಮಡಿಕೆಯಾಗಿತ್ತು. ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು.