ಪಾರ್ವತಿಯ ಸೀರೆಯ ಹಸಿರು

ವಿಜಯ್‌ಕುಮಾರ್ ಸಿದ್ಧಾರ್ಥನಗರದ ಆ ಮನೆಗೆ ಮೊದಲ ಸಲ ಬಂದದ್ದು ಜಗಳ ಮುಗಿಸುವುದಕ್ಕೆ. ಹೂಟಗಳ್ಳಿಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಅಚ್ಚಿಗೆ ಹೋಗುವ ಫೈಲುಗಳನ್ನು ಸಿದ್ಧಮಾಡುವುದು ಅವನ ಕೆಲಸ. ಆ ಮನೆಯ ಮಗಳು ರಕ್ಷಿತಾ ಪುಸ್ತಕಗಳ ವಿನ್ಯಾಸ ಮಾಡುವವಳು. ಇಬ್ಬರೂ ಮುಖ ನೋಡಿರಲಿಲ್ಲ. ಒಂದು ವಾರದಿಂದ ಫೋನಿನಲ್ಲೇ, ಬಹುವಚನ ಬಿಡದೆ, ಜಗಳವಾಡುತ್ತಿದ್ದರು.

ಜಗಳ ಒಂದು ಹಸಿರಿನ ಬಗ್ಗೆ. ರಕ್ಷಿತಾಳ ತಂದೆ ಮಹದೇವಪ್ಪ ಮೈಸೂರು ಶೈಲಿಯ ಚಿತ್ರಗಾರರು. ಅವರು ಬರೆದ ಚಿತ್ರಗಳೆಲ್ಲ ಮಾರಾಟವಾಗಿ ಯಾರ್ಯಾರದೋ ದೇವರ ಮನೆ ಸೇರಿದ್ದವು. ರಕ್ಷಿತಾ ಅವನ್ನು ಹುಡುಕಿಕೊಂಡು ಹೋಗಿ, ಫೋಟೋ ತೆಗೆದು, ಪುಸ್ತಕ ಮಾಡಿದ್ದಳು. ಒಪ್ಪಿಗೆಗೆಂದು ಪ್ರೆಸ್ಸಿನಿಂದ ಬಂದ ಮೊದಲ ಪ್ರೂಫಿನಲ್ಲಿ, ಒಂದು ಚಿತ್ರದ ಪಾರ್ವತಿಯ ಸೀರೆ ಒಣಗಿದ ಎಲೆಯ ಹಾಗಿತ್ತು. ಮಹದೇವಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ನಾನು ಬಳಿದ ಹಸಿರಲ್ಲ ಕಣಮ್ಮ. ಹಿಂಗೇ ಬರೋದಾದ್ರೆ ಪುಸ್ತಕ ಬೇಡ ಬುಡು."

ಆಮೇಲೆ ಅವರು ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ.

ನನ್ನ ಸ್ಕ್ರೀನಿನಲ್ಲಿ ಸರಿಯಾಗಿದೆ ಎಂದು ರಕ್ಷಿತಾ. ನಮ್ಮ ಮೆಷಿನ್ನಿನಲ್ಲೂ ಏನೂ ತೊಂದರೆ ಇಲ್ಲ ಎಂದು ವಿಜಯ್‌ಕುಮಾರ್.

ಬಾಗಿಲು ತೆಗೆದ ರಕ್ಷಿತಾ ಅವನ ಮುಖಕ್ಕಿಂತ ಮೊದಲು ಅವನ ಶರ್ಟು ನೋಡಿದಳು. ಕಿತ್ತಳೆ ಬಣ್ಣದ್ದು.

"ಇದನ್ನ ಹಾಕ್ಕೊಂಡು ಒಳಗೆ ಬರ್ತೀರಾ?"

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ಅದರ ಬಣ್ಣ ಸ್ಕ್ರೀನ್ ಮೇಲೆ ಬೀಳುತ್ತೆ. ಚಿತ್ರದ ಬಣ್ಣ ಸರಿಯಾಗಿ ನೋಡೋಕಾಗಲ್ಲ."

ಅವಳ ಕೋಣೆಯ ಗೋಡೆಗಳೆಲ್ಲ ಬೂದು. ಕಿಟಕಿಗೆ ಪರದೆ ಎಳೆದಿತ್ತು. ಅಪ್ಪನ ಬೂದು ಶಾಲೊಂದನ್ನು ತಂದು ಕೊಟ್ಟಳು. ಅವನು ಮರುಮಾತಿಲ್ಲದೆ ಹೊದ್ದುಕೊಂಡು ಕೂತ. ಅವಳು ಮುಖ ತಿರುಗಿಸಿದಳು. ಆದರೆ ಇನ್ನೂ ಹೊತ್ತಿಕೊಳ್ಳದ ಮಾನಿಟರಿನ ಕಪ್ಪು ಗಾಜಿನಲ್ಲಿ ಅವಳ ತುಟಿಯ ಅಂಚು ಸ್ವಲ್ಪ ಮೇಲೇರಿದ್ದು ಅವನಿಗೆ ಕಂಡಿತು. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು.

ಸ್ಕ್ರೀನು ಹೊತ್ತಿಕೊಂಡಿತು. ಹಸಿರು ನಿಜವಾಗಿಯೂ ಸರಿಯಾಗಿತ್ತು.

"ಪ್ರತಿ ತಿಂಗಳೂ ಕ್ಯಾಲಿಬ್ರೇಟ್ ಮಾಡಿ ಸ್ಕ್ರೀನಿನ ಬಣ್ಣ ಸರಿ ಹೊಂದಿಸ್ತೀನಿ," ಎಂದಳು.

"ಕಲರ್ ಸೆಟ್ಟಿಂಗ್ಸ್ ತೆಗೆದು ತೋರಿಸಿ," ಎಂದ ಅವನು.

ವರ್ಕಿಂಗ್ ಸ್ಪೇಸ್ ಎಂದಿದ್ದ ಕಡೆ ಅವಳ ಮಾನಿಟರಿನದೇ ಪ್ರೊಫೈಲ್ ಇತ್ತು.

"ಇದನ್ನ ನೀವೇ ಹಾಕಿದ್ದಾ?"

"ಹೌದು. ಸ್ಕ್ರೀನು ಸರಿ ಇದ್ದ ಮೇಲೆ ಅದನ್ನೇ ಕೊಟ್ರೆ ಎಲ್ಲಾ ಕಡೆ ಹಂಗೇ ಬರುತ್ತಲ್ವಾ?"

"ಬರಲ್ಲ. ಮಾನಿಟರ್ ಪ್ರೊಫೈಲ್ ಹೇಳೋದು ಈ ಒಂದು ಸ್ಕ್ರೀನು ಬಣ್ಣ ಹೆಂಗೆ ತೋರಿಸುತ್ತೆ ಅಂತ ಅಷ್ಟೇ. ಅದು ಸಿಸ್ಟಮ್‌ಗೆ ಗೊತ್ತಿದ್ರೆ ಸಾಕು. ಚಿತ್ರ ಇರಬೇಕಾದ್ದು ವರ್ಕಿಂಗ್ ಸ್ಪೇಸಲ್ಲಿ. ಅದು ಯಾವ ಸ್ಕ್ರೀನಿಗೂ ಸೇರಿದ್ದಲ್ಲ, ಎಲ್ಲರಿಗೂ ಒಂದೇ. ಫೈಲಲ್ಲಿರೋದು ಬರೀ ನಂಬರು. ನಿಮ್ಮ ನಂಬರು ಯಾವ ಹಸಿರು ಅಂತ ನಿಮ್ಮ ಮಾನಿಟರಿಗೆ ಮಾತ್ರ ಗೊತ್ತು."

ರಕ್ಷಿತಾ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು. ಆಮೇಲೆ ಕೇಳಿದಳು: "ಆದ್ರೆ ಆ ಪ್ರೊಫೈಲನ್ನ ಫೈಲ್ ಜೊತೆಗೇ ಸೇರಿಸಿ ಕಳಿಸಿದ್ದೆ. ನಿಮ್ಮಲ್ಲಿ ತೆಗೆದಾಗ, ಬೇರೆ ಪ್ರೊಫೈಲ್ ಇದೆ, ಏನು ಮಾಡಲಿ ಅಂತ ಕೇಳಿಲ್ವಾ?"

"ಕೇಳಿತ್ತು."

"ಏನು ಮಾಡಿದ್ರಿ?"

"ದಿನಾ ಕೇಳುತ್ತೆ. ತೆಗೆದುಹಾಕು ಅಂತ ಒತ್ತಿಬುಡ್ತೀನಿ."

ತಪ್ಪು ಇಬ್ಬರದೂ ಆಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನೇ ಮೊದಲು ನಕ್ಕ.

ಮೂಲ ಫೈಲಿನಲ್ಲಿ ಪ್ರೊಫೈಲ್ ಇನ್ನೂ ಹಾಗೇ ಇದ್ದುದರಿಂದ ಏನೂ ಕೆಟ್ಟಿರಲಿಲ್ಲ. ಅವನು ಹೇಳಿದಂತೆ ಅವಳು ಅದನ್ನು ಎಲ್ಲರಿಗೂ ಒಂದೇ ಆದ ವರ್ಕಿಂಗ್ ಸ್ಪೇಸಿಗೆ ಕನ್ವರ್ಟ್ ಮಾಡಿದಳು. ಸ್ಕ್ರೀನಿನ ಮೇಲೆ ಏನೂ ಬದಲಾಗಲಿಲ್ಲ.

"ಏನೂ ಆಗ್ಲಿಲ್ಲ."

"ಆಗಬಾರ್ದು. ಒಳಗಿನ ನಂಬರು ಬದಲಾಯ್ತು, ಹಸಿರು ಹಂಗೇ ಉಳೀತು."

ಎರಡನೆಯ ಪ್ರೂಫು ಚೆನ್ನಾಗಿ ಬಂತು, ಆದರೆ ಪೂರ್ತಿ ಅಲ್ಲ. ಸ್ಕ್ರೀನಿನಲ್ಲಿ ಕಾಣುವ ಎಲ್ಲ ಹಸಿರನ್ನೂ ಕಾಗದದ ಮೇಲಿನ ಮಸಿ ಹಿಡಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ತಿದ್ದಬೇಕಿತ್ತು. ಪ್ರತಿ ಪ್ರೂಫನ್ನೂ ವಿಜಯ್‌ಕುಮಾರ್ ತಾನೇ ತರುತ್ತಿದ್ದ. ಒಂದು ದಿನ ಬೂದು ಶರ್ಟು ಹಾಕಿಕೊಂಡು ಬಂದ.

"ಇವತ್ತು ಬೂದು?"

"ಶಾಲು ಸಿಗದಿದ್ರೆ ಅಂತ."

"ಸಿಗ್ತಿತ್ತು," ಎಂದಳು ರಕ್ಷಿತಾ, ಪ್ರೂಫಿನಿಂದ ಕಣ್ಣೆತ್ತದೆ. ಅವಳ ಕಿವಿ ಕೆಂಪಾಗಿತ್ತು. ಅದನ್ನು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

ಅಂದು ಗೇಟಿನ ಬಳಿ ಬೈಕಿಗೆ ಕೀಲಿ ಹಾಕುತ್ತಾ ಅವನು ಹೇಳಿದ: "ನನಗೊಂದು ಮದುವೆ ಆಗಿತ್ತು. ಕೋರ್ಟಲ್ಲಿ ಮುಗೀತು. ನಿಮಗೆ ಗೊತ್ತಿರ್ಲಿ ಅಂತ."

"ನನಗ್ಯಾಕೆ ಗೊತ್ತಿರಬೇಕು?"

ಅವನು ಬೈಕು ಸ್ಟಾರ್ಟ್ ಮಾಡಿದ. ತಲೆಯಾಡಿಸಿ ಹೊರಟುಹೋದ. ಮುಂದಿನ ಪ್ರೂಫು ಕೊರಿಯರಿನಲ್ಲಿ ಬಂತು. ಅದರ ಮುಂದಿನದೂ ಹಾಗೇ. ರಕ್ಷಿತಾ ತಿದ್ದುಪಡಿಗಳನ್ನು ಮೆಸೇಜಿನಲ್ಲಿ ಕಳಿಸಿದಳು. ಅವನು "ಆಯ್ತು ಮೇಡಂ" ಎಂದು ಬರೆದ. ಹಿಂದೆಂದೂ ಅವನು ಮೇಡಂ ಎಂದಿರಲಿಲ್ಲ.

ಅಚ್ಚಿನ ದಿನ ತಂದೆ ಮಗಳು ಹೂಟಗಳ್ಳಿಗೆ ಹೋದರು. ಮೆಷಿನ್ನಿನಿಂದ ಹೊರಬಂದ ಮೊದಲ ಹಾಳೆಯನ್ನು ಮಹದೇವಪ್ಪ ಬಾಗಿಲ ಬಳಿ ಬಿಸಿಲಿಗೆ ಹಿಡಿದರು. ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು.

"ಇದು ನನ್ನದು," ಎಂದರು. ಹಾಳೆಯನ್ನು ಮಗಳ ಕೈಗೆ ಕೊಟ್ಟು, ಹೊರಗಿನ ಅಂಗಡಿಗೆ ಟೀ ಕುಡಿಯಲು ಹೋದರು.

ಹಾಳೆಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ರಕ್ಷಿತಾ ಪೆನ್ನು ತೆಗೆದು ಹಾಗೇ ಹಿಡಿದುಕೊಂಡು, ಮೆಷಿನ್ನಿನ ಪಕ್ಕ ನಿಂತಿದ್ದ ವಿಜಯ್‌ಕುಮಾರನನ್ನು ಕೇಳಿದಳು.

"ಪ್ರೂಫ್ ಯಾಕೆ ಕೊರಿಯರಲ್ಲಿ ಕಳಿಸಿದ್ರಿ?"

"ಅವತ್ತು ನೀವು ಕೇಳಿದ್ದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ."

"ಉತ್ತರ ಹೇಳ್ಲಿ ಅಂತ್ಲೇ ಕೇಳಿದ್ದು ಕಣ್ರೀ."

ವಿಜಯ್‌ಕುಮಾರ್ ಕೈಗಂಟಿದ ಮಸಿಯನ್ನು ಬಟ್ಟೆಯಿಂದ ಒರೆಸಿಕೊಂಡ, ಸಾವಕಾಶವಾಗಿ, ಬೆರಳು ಬೆರಳಿಗೂ.

"ನೀವು ನನ್ನ ಮದುವೆ ಆಗ್ತೀರಾ ಅಂತ ಕೇಳಬೇಕಿತ್ತು. ಕೇಳೋಕೆ ಮುಂಚೆ ಆ ಹಳೇ ಮದುವೆ ವಿಷಯ ನಿಮಗೆ ಗೊತ್ತಿರ್ಬೇಕು ಅನ್ನಿಸ್ತು. ಅಷ್ಟೇ."

ಅವಳು ಬಗ್ಗಿ ಹಾಳೆಯ ಮೂಲೆಗೆ ಸಹಿ ಹಾಕಿದಳು. ಹೆಸರು ಸ್ವಲ್ಪ ಸೊಟ್ಟಗಾಯಿತು.

"ಆಗ್ತೀನಿ. ಅಪ್ಪನಿಗೆ ನೀವೇ ಹೇಳಿ."

ಮಹದೇವಪ್ಪ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಇಬ್ಬರೂ ಒಟ್ಟಿಗೆ ಬರುವುದನ್ನು ನೋಡಿ ಇನ್ನೆರಡು ಟೀ ಹೇಳಿದರು. ವಿಜಯ್‌ಕುಮಾರ್ ನಿಂತೇ ವಿಷಯ ಹೇಳಿದ.

"ಗೊತ್ತು ಬುಡಿ," ಎಂದರು ಅವರು. "ಒಂದು ಪ್ರೂಫ್ ಕೊಡೋಕೆ ಇಲ್ಲಿಂದ ಸಿದ್ಧಾರ್ಥನಗರಕ್ಕೆ ಯಾರೂ ಅಷ್ಟು ಸಲ ಬರಲ್ಲ. ಕೊರಿಯರ್ ಶುರುವಾದ ಮೇಲೆ ಇವಳು ಸರಿಯಾಗಿ ಊಟಾನೇ ಮಾಡಿಲ್ಲ."

"ಅಪ್ಪಾ," ಎಂದಳು ರಕ್ಷಿತಾ.

"ನನಗೊಂದು ಮದುವೆ ಆಗಿತ್ತು, ಸಾರ್."

ಮಹದೇವಪ್ಪ ತಮ್ಮ ಲೋಟ ಕೆಳಗಿಟ್ಟರು. ಆಮೇಲೆ ಬೆಂಚಿನ ಮೇಲೆ ಪಕ್ಕಕ್ಕೆ ಸರಿದರು.

"ಕೂತ್ಕೊಳಿ. ನಿಧಾನವಾಗಿ ಹೇಳಿ, ಕೇಳ್ತೀನಿ."

ಅವನು ಕೂತ. ರಕ್ಷಿತಾ ಅವನ ಇನ್ನೊಂದು ಪಕ್ಕದಲ್ಲಿ ಕೂತು, ಟೀ ಲೋಟವನ್ನು ಅವನ ಕೈಗೆ ಕೊಟ್ಟಳು.