ಐದು ಗಂಟೆಗೆ ಒಬ್ಬ ಹೆಂಗಸು

"ಯೆಸ್ಟರ್ಡೇ ಅಟ್ ಫೈವ್, ಐ ವಾಸ್ ಸಿಟ್ಟಿಂಗ್ ವಿತ್ ಎ ವುಮನ್," ಎಂದು ಲಿಫ್ಟ್ ರಿಪೇರಿಯವನು ಎದ್ದು ನಿಂತು ಓದಿದ. "ಐ ವಾಸ್ ಸಿಂಗಿಂಗ್. ಶೀ ವಾಸ್ ಲಾಫಿಂಗ್."

ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಆ ವಾರ ಪಾಸ್ಟ್ ಕಂಟಿನ್ಯುಯಸ್. ನಿನ್ನೆ ಐದು ಗಂಟೆಗೆ ಏನು ಮಾಡುತ್ತಿದ್ದಿರಿ, ಮೂರು ವಾಕ್ಯ ಬರೆದು ತನ್ನಿ ಎಂದಿದ್ದರು ಮೇಡಂ. ಉಳಿದವರೆಲ್ಲ ಅಡುಗೆ ಮಾಡುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು. ಈ ಮಹಾಶಯ ಹೆಂಗಸೊಬ್ಬಳ ಜೊತೆ ಕೂತು ಹಾಡುತ್ತಿದ್ದನಂತೆ!

ಪಕ್ಕದಲ್ಲಿದ್ದ ಕನ್ನಡಕದ ಅಂಗಡಿಯವಳು ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಎರಡು ತಿಂಗಳಿಂದ ಕ್ಲಾಸಿನಲ್ಲಿ ಅವನ ಜೋಡಿ ಅವಳೇ. ಅವನ ಉಗುರಿನ ಸಂದಿಯಲ್ಲಿ ಯಾವತ್ತೂ ಗ್ರೀಸ್, ಅವಳ ಬೆರಳ ತುದಿಯಲ್ಲಿ ಗಾಜಿನ ಪುಡಿ. ಪೆನ್ಸಿಲ್ ಕೊಡುವಾಗ ಕೈಗೆ ಕೈ ತಾಗಿದರೆ ಇಬ್ಬರೂ ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದರು. ತನ್ನ ಹತ್ತಿರ ಬಾಯಿ ಬಿಡದವನು ಇನ್ಯಾರಿಗೋ ಹಾಡು ಹೇಳುತ್ತಾನೆ!

ಕ್ಲಾಸು ಮುಗಿದದ್ದೇ ತಡ, ಮೇಡಂ ಹತ್ತಿರ ಹೋಗಿ, "ನನ್ನ ಜೋಡಿ ಬದಲಾಯಿಸಿ," ಎಂದಳು. ಶುಕ್ರವಾರ ಜೋಡಿಯಾಗಿ ಮಾತಾಡುವ ಪರೀಕ್ಷೆ. ಅಲ್ಲಿಗೆ ಕ್ಲಾಸೂ ಮುಗಿಯುತ್ತದೆ, ಮುಖ ನೋಡುವುದೂ ಮುಗಿಯುತ್ತದೆ. ಬಾಗಿಲಲ್ಲಿದ್ದ ಅವನಿಗೆ ಮಾತು ಕೇಳಿಸಿತು. ಮೆಟ್ಟಿಲಿಳಿದು ಹೋದ.

ಗುರುವಾರ ಊಟಕ್ಕೆ ಕೂತಾಗ, ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಕೇಳಿಯೇಬಿಟ್ಟರು. "ಯಾಕೇ, ಮಂಗಳವಾರದಿಂದ ಮುಖ ಊದಿಸ್ಕೊಂಡಿದೀಯಾ?"

ತಡೆಯಲಾರದೆ ಅವಳು ಎಲ್ಲವನ್ನೂ ಒದರಿದಳು. ಲಿಫ್ಟಿನವನು, ಐದು ಗಂಟೆ, ಹೆಂಗಸು, ಹಾಡು, ನಗು. ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು ನಗತೊಡಗಿದರು.

"ಅಯ್ಯೋ ಪೆದ್ದೀ, ಆ ಹೆಂಗಸು ನಾನೇ ಕಣೇ!"

ಸೋಮವಾರ ಅತ್ತೆ ಒಬ್ಬರೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಬೈಸಿಕೊಳ್ಳಬೇಕಾಗುತ್ತದೆ ಎಂದು ಮುಚ್ಚಿಟ್ಟಿದ್ದರಂತೆ. ಅಲ್ಲಿನ ಲಿಫ್ಟು ಅತ್ತೆಯನ್ನು ಒಳಗಿಟ್ಟುಕೊಂಡೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಮೋಟಾರು ಸರಿಮಾಡುವ ತನಕ, ಒಂದಿಡೀ ಗಂಟೆ, ಇವನು ಹೊರಗೆ ಬಾಗಿಲ ಸಂದಿಯ ಹತ್ತಿರ ನೆಲದ ಮೇಲೆ ಕೂತು ಮಾತಾಡಿಸಿದ್ದ, ಹಾಡೂ ಹೇಳಿದ್ದ.

"ರಾಗ ಅನ್ನೋದು ಅವನ ಹತ್ರ ಸುಳಿದಿಲ್ಲ ಕಣೇ. ನಕ್ಕೂ ನಕ್ಕೂ ನನ್ನ ಭಯಾನೇ ಹೋಯ್ತು. ಮದುವೆ ಆಗಿದೆಯೇನಪ್ಪಾ ಅಂದೆ. ಇಲ್ಲಮ್ಮ, ಇಂಗ್ಲಿಷ್ ಕ್ಲಾಸಲ್ಲಿ ಒಬ್ರಿದಾರೆ, ಕನ್ನಡಕದ ಅಂಗಡಿಯೋರು, ಅವರ ಮುಂದೆ ನಾಲಿಗೇನೇ ಹೊರಳಲ್ಲ ಅಂದ. ನೀನೇ ಅಂತ ಗೊತ್ತಾಯ್ತು, ಆದ್ರೂ ಉಸಿರೆತ್ತಲಿಲ್ಲ. ಬೇಗ ಹೇಳ್ಬಿಡಪ್ಪಾ ಅಂದೆ, ಅಷ್ಟೇ."

ಎದೆಯ ಮೇಲಿನ ಭಾರ ಇಳಿದು ಅವಳಿಗೆ ಅಳುವೇ ಬಂತು. ಅಳುತ್ತಲೇ ಅತ್ತೆಯನ್ನು ಚೆನ್ನಾಗಿ ಬೈದಳು, ಒಬ್ಬರೇ ಹೋದದ್ದಕ್ಕೆ.

ಶುಕ್ರವಾರ ಅರ್ಧ ಗಂಟೆ ಮೊದಲೇ ಕ್ಲಾಸಿಗೆ ಓಡಿದಳು. ಅವನು ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ.

"ಲಿಫ್ಟ್‌ನೋರೇ, ಸ್ವಲ್ಪ ಸರೀರಿ."

ಗಾಬರಿಯಿಂದ ಸರಿದ. "ನಿಮ್ಮ ಹೊಸ ಜೋಡಿ?"

"ಬೇಡ ಅಂತ ಮೇಡಂಗೆ ಫೋನ್ ಮಾಡಿ ಹೇಳಿದೀನಿ. ನನ್ನ ಹೋಂವರ್ಕ್ ಕೇಳಿ." ಪುಸ್ತಕ ತೆರೆದಳು. "ಯೆಸ್ಟರ್ಡೇ ಅಟ್ ಎಯ್ಟ್, ಐ ವಾಸ್ ಕ್ರೈಯಿಂಗ್. ಮೈ ಆಂಟ್ ವಾಸ್ ಲಾಫಿಂಗ್. ಶೀ ವಾಸ್ ಟಾಕಿಂಗ್ ಅಬೌಟ್ ಎ ಲಿಫ್ಟ್."

ಅವನ ಕಿವಿ ಕೆಂಪಾಯಿತು. "ಆ ಅಜ್ಜಿ..."

"ಅತ್ತೆ. ಅಜ್ಜಿ ಅಂದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

"ಎಲ್ಲಾ ಹೇಳ್ಬಿಟ್ರಾ?"

"ಒಂದನ್ನ ಬಿಟ್ಟು. ಅದನ್ನ ನೀವೇ ಹೇಳ್ಬೇಕಂತೆ."

ಅವನು ಬಾಗಿಲು ನೋಡಿದ, ತನ್ನ ಗ್ರೀಸಿನ ಕೈ ನೋಡಿಕೊಂಡ, ಕೊನೆಗೆ ಅವಳ ಕಣ್ಣನ್ನೇ ನೋಡಿದ. "ನೀವಂದ್ರೆ ನಂಗೆ ತುಂಬಾ ಇಷ್ಟ ಕಣ್ರೀ. ಮಂಗಳವಾರದಿಂದ ಊಟ ಸೇರ್ತಿಲ್ಲ."

"ನಂಗೂ," ಎಂದಳು. "ಎರಡೂ."

ಅವನು ಉಸಿರು ಬಿಟ್ಟ ಸದ್ದು ಅವಳಿಗೂ ಕೇಳಿಸಿತು.

"ಈಗ ಒಂದು ಹಾಡು ಹೇಳಿ."

"ಇಲ್ಲೇನಾ? ನಂಗೆ ರಾಗ ಬರಲ್ಲ."

"ಗೊತ್ತು. ಹೇಳಿ."

ಮೇಡಂ ಬಾಗಿಲು ತಳ್ಳಿ ಒಳಗೆ ಬಂದಾಗ ಅವನು ಹಾಡುತ್ತಿದ್ದ. ಅವಳು ನಗುತ್ತಿದ್ದಳು.